ಕೈ ನೋಡುತ್ತಿದ್ದ ಲಿಫ್ಟಿನಣ್ಣ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುಣಸೆಬೀಜದ ಹಾಗೆ ನುಣುಪಾದ ಕಂದು ಚರ್ಮ ಮಾತ್ರ ಇತ್ತು. ಆ ಬೆರಳನ್ನು ಲಿಫ್ಟು ನಿಲ್ಲಿಸುವ ಕೆಂಪು ಗುಂಡಿಯ ಮೇಲೆ, ಒತ್ತದೆ, ಸುಮ್ಮನೆ ಇಟ್ಟುಕೊಂಡು ಅವರು ದಿನವಿಡೀ ನಿಂತಿರುತ್ತಿದ್ದರು. ಸಾಲಿನಲ್ಲಿ ಬಂದವರ ಮುಖವನ್ನು ಅವರು ನೋಡಿದ್ದೇ ಕಡಿಮೆ. ಕಣ್ಣೆಲ್ಲ ಕೈಗಳ ಮೇಲೆ. ಭವಿಷ್ಯ ಹೇಳುವವರೂ ಅಷ್ಟು ಹೊತ್ತು ಕೈ ನೋಡುವುದಿಲ್ಲ ಎಂದು ನಾನೇ ಒಮ್ಮೆ ಅವರನ್ನು ಛೇಡಿಸಿದ್ದೆ.

ಮಲಯ್ ನಾಡಿನ ಪೆಟಾಲಿಂಗ್ ಜಯಾದಲ್ಲಿರುವ ನಮ್ಮ ಮನೆಯಿಂದ ಎರಡು ಗಂಟೆಯ ದಾರಿ ಆ ಬೆಟ್ಟಕ್ಕೆ. ಬೆಟ್ಟದ ಮೇಲೊಂದು ರೆಸಾರ್ಟು, ಬುಡದಿಂದ ನೆತ್ತಿಗೆ ಕುರ್ಚಿಗಳು ತೂಗಾಡುತ್ತ ಹೋಗುವ ಒಂದು ತಂತಿಹಗ್ಗದ ಲಿಫ್ಟು. ಚಳಿದೇಶಗಳಲ್ಲಿ ಹಿಮದ ಮೇಲೆ ಜಾರುವವರನ್ನು ಮೇಲಕ್ಕೊಯ್ಯಲು ಇಂಥ ಲಿಫ್ಟುಗಳಿರುತ್ತವೆ. ಬೇಸಿಗೆಯಲ್ಲಿ ಹಿಮ ಕರಗಿದಾಗ ಅವೇ ಕುರ್ಚಿಗಳಿಗೆ ಸೈಕಲ್ಲು ನೇತುಹಾಕಿ, ಮೇಲೆ ಹೋಗಿ, ಕಲ್ಲು ಬೇರುಗಳ ಮೇಲೆ ಹಾರುತ್ತ ಇಳಿದುಬರುವ ಹುಚ್ಚು ಶುರುವಾಗುತ್ತದೆ. ನಮ್ಮಲ್ಲಿ ವರ್ಷವೆಲ್ಲ ಬೇಸಿಗೆ. ಹಾಗಾಗಿ ರೆಸಾರ್ಟಿನ ಯಾರಿಗೋ ಈ ಯೋಚನೆ ಹೊಳೆದು, ಎಲ್ಲೋ ಹಿಮದೂರಿನಲ್ಲಿ ಬಳಸಿ ಬಿಟ್ಟ ಲಿಫ್ಟನ್ನು ಹಡಗಿನಲ್ಲಿ ತರಿಸಿ ಇಲ್ಲಿ ನಿಲ್ಲಿಸಿದ್ದರು. ಕೆಲವು ಕುರ್ಚಿಗಳ ಬೆನ್ನಿನ ಮೇಲೆ ಹಿಮದಲ್ಲಿ ಜಾರುವವನ ಚಿತ್ರ ಇನ್ನೂ ಇತ್ತು. "ಇಲ್ಲಿ ಬಟ್ಟಲಲ್ಲಿ ತಿನ್ನುವ ಐಸ್ ಕಚಾಂಗ್ ಬಿಟ್ರೆ ಬೇರೆ ಹಿಮ ಎಲ್ಲುಂಟು ಲಾ" ಎಂದು ಲಿಫ್ಟಿನಣ್ಣ, ಕೊನೆಗೆ ಇಲ್ಲಿನವರ "ಲಾ" ಸೇರಿಸಿ, ಆ ಚಿತ್ರ ತೋರಿಸಿ ನಗುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಉತ್ಸಾಹದಿಂದಲ್ಲ, ದಣಿವಿನಿಂದ. ನಾನು ಮೂಳೆ ಡಾಕ್ಟರು. ದಾವಣಗೆರೆಯಲ್ಲಿ ಬೆಳೆದು, ಉಡುಪಿಯ ಕಡೆ ಓದಿ, ಇಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತ, ಅದರ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುತ್ತ ಹದಿನೇಳು ವರ್ಷ ಕಳೆದಿದ್ದೆ. ಬೆಳಿಗ್ಗೆ ಹೆದ್ದಾರಿಯ ಸಾಲು, ಮಧ್ಯಾಹ್ನ ಮುರಿದ ತೊಡೆ, ಸಂಜೆ ಮತ್ತೆ ಹೆದ್ದಾರಿಯ ಸಾಲು. ಮಗಳು ಓದಲು ಪೆನಾಂಗಿಗೆ ಹೋದಾಗ ಅವಳ ಬೆಟ್ಟದ ಸೈಕಲ್ಲು, ಸವಾರರ ಮಾತಿನಲ್ಲಿ ಬೈಕು, ಬಾಲ್ಕನಿಯಲ್ಲಿ ಉಳಿಯಿತು. ಒಂದು ಶನಿವಾರ ಅದನ್ನು ಕಾರಿಗೇರಿಸಿಕೊಂಡು ಹೊರಟೆ. ಇಳಿಜಾರಿನಲ್ಲಿ ಬೇರೆ ಯೋಚನೆಗೆ ಜಾಗವೇ ಇರುವುದಿಲ್ಲ. ಮುಂದಿನ ತಿರುವು, ಅದರ ಮುಂದಿನ ಬೇರು, ಅಷ್ಟೆ. ಆ ಹತ್ತು ನಿಮಿಷ ತಲೆ ಖಾಲಿಯಾಗುತ್ತಿತ್ತು. ಐವತ್ತೊಂದನೆಯ ವಯಸ್ಸಿನಲ್ಲಿ ಅಷ್ಟು ಸಿಕ್ಕಿದರೆ ಸಾಕೆನಿಸಿತ್ತು.

"ದಿನಾ ಬೇರೆಯವರ ಮೂಳೆ ಜೋಡಿಸ್ತೀರಿ, ಶನಿವಾರ ನಿಮ್ಮದನ್ನ ಮುರ್ಕೊಳ್ಳೋಕೆ ಹೋಗ್ತೀರಿ. ನಿಮಗೆ ತಲೆ ನೆಟ್ಟಗಿದೆಯೇನ್ರೀ?" ಎಂದು ಹೆಂಡತಿ ಕೇಳಿದಳು. ನೆಟ್ಟಗಿಲ್ಲ ಎಂದು ಒಪ್ಪಿಕೊಂಡೆ.

ಮೊದಲ ದಿನ ಬೈಕಿನ ಮುಂದಿನ ಚಕ್ರವನ್ನು ಕುರ್ಚಿಯ ಕೊಕ್ಕೆಗೆ ಸಿಕ್ಕಿಸಲಾಗದೆ, ಕುರ್ಚಿ ಕೈತಪ್ಪಿ ಹೋದಾಗ, "ಇದರ ಮನೆ ಹಾಳಾಗ!" ಎಂದು ಬೈದೆ. ಕನ್ನಡದಲ್ಲಿ ಬೈಯುವ ಸುಖವೆಂದರೆ ಹೊರದೇಶದಲ್ಲಿ ಯಾರಿಗೂ ತಿಳಿಯುವುದಿಲ್ಲ. ಗುಂಡಿಯ ಹತ್ತಿರ ನಿಂತಿದ್ದ ಕುಳ್ಳಗಿನ, ನರೆತ ಮೀಸೆಯ ಮನುಷ್ಯ ತಿರುಗಿಯೂ ನೋಡದೆ ಹೇಳಿದರು: "ಲಿಫ್ಟಿಗೆ ಬೈಬೇಡಿ ಮಾರಾಯ್ರೆ, ಅದಕ್ಕೆ ಮೊದಲೇ ಮುಪ್ಪು."

ಹಾಗೆ ಪರಿಚಯ. ಬೈಂದೂರಿನ ಕಡೆಯವರು. ಇಪ್ಪತ್ತರ ವಯಸ್ಸಿನಲ್ಲಿ ಹಡಗಿನ ಫಿಟ್ಟರ್ ಆಗಿ ಬಂದು, ಇಲ್ಲಿನ ತಮಿಳು ಹೆಣ್ಣನ್ನು ಮದುವೆಯಾಗಿ, ಕ್ಲಾಂಗಿನಲ್ಲಿ ಮನೆ ಮಾಡಿಕೊಂಡು, ಒಂದು ಕಂಟೇನರ್ ಯಾರ್ಡಿನಲ್ಲಿ ಕ್ರೇನುಗಳ ತಂತಿಹಗ್ಗ ನೋಡಿಕೊಳ್ಳುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದವರು. ಹೆಬ್ಬೆರಳಿನ ಉಗುರು ಹೋದದ್ದು ಅಲ್ಲಿ. ಹೆಂಡತಿ ತೀರಿಕೊಂಡು, ಕೆಲಸದಿಂದ ನಿವೃತ್ತರಾದ ಮೇಲೆ ಈ ಲಿಫ್ಟಿಗೆ ಬಂದರು. ವಾರವೆಲ್ಲ ರೆಸಾರ್ಟಿನ ಕೊಠಡಿಯಲ್ಲೇ ವಾಸ, ಬುಧವಾರ ಮಾತ್ರ ಕ್ಲಾಂಗಿಗೆ, ಮಗಳ ಮನೆಗೆ. ಬೆಟ್ಟದಲ್ಲಿ ಎಲ್ಲರೂ ಅವರನ್ನು ಅಂಕಲ್ ಎನ್ನುತ್ತಿದ್ದರು. ಈ ದೇಶದಲ್ಲಿ ತಲೆ ನರೆತ ಗಂಡಸರೆಲ್ಲ ಅಂಕಲ್ಲೇ. ನಾನು ಅಣ್ಣ ಎಂದೆ. ಅವರಿಗೆ ಅದು ಹಿಡಿಸಿತು. ಕನ್ನಡದಲ್ಲಿ ಮಾತಾಡಿ ಎಷ್ಟೋ ಕಾಲವಾಗಿತ್ತಂತೆ. ಮಗಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಬರುತ್ತದೆ ಎನ್ನುತ್ತಿದ್ದರು.

ಬೆಳಿಗ್ಗೆ ಲಿಫ್ಟು ತೆರೆಯುವ ಮುಂಚೆ ಹೋದರೆ ಅವರ ಇನ್ನೊಂದು ಕೆಲಸ ನೋಡಬಹುದಿತ್ತು. ಲಿಫ್ಟನ್ನು ಆಮೆಯ ವೇಗದಲ್ಲಿ ಓಡಿಸಿ, ಹಳೆಯ ಹತ್ತಿಬಟ್ಟೆಯೊಂದನ್ನು ಹಗ್ಗದ ಸುತ್ತ ಸಡಿಲವಾಗಿ ಹಿಡಿದು ನಿಲ್ಲುತ್ತಿದ್ದರು. ಹಗ್ಗ ಬಟ್ಟೆಯೊಳಗಿಂದ ಹರಿದು ಹೋಗುತ್ತಿತ್ತು. ಹಗ್ಗದಲ್ಲಿ ಒಂದೇ ಒಂದು ಎಳೆ ಮುರಿದಿದ್ದರೂ ಅದರ ತುದಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಪರೀಕ್ಷೆ ಮಾಡುವ ಕಂಪನಿಯವರು ಯಂತ್ರ ತಂದು ವರ್ಷವರ್ಷ ನೋಡಿ ಹೋಗುತ್ತಿದ್ದರು. ಇವರದು ದಿನವೂ ಬಟ್ಟೆ.

"ಕಣ್ಣಿಗೆ ಕಾಣುವಷ್ಟು ಹಾಳಾದ ಮೇಲೆ ನೋಡಿ ಎಂತ ಪ್ರಯೋಜನ?" ಎಂದರು ಒಮ್ಮೆ. "ಹಗ್ಗ ಒಂದೇ ದಿನ ತುಂಡಾಗುದಿಲ್ಲ ಡಾಕ್ಟ್ರೆ. ಮೊದಲು ಒಂದು ಎಳೆ. ಅದು ಯಾರಿಗೂ ಗೊತ್ತಾಗುದಿಲ್ಲ."

ಅವರ ಇನ್ನೊಂದು ನಿಯಮ, ಯಾರ ಬೈಕನ್ನೂ ಅವರು ಕೊಕ್ಕೆಗೆ ಹಾಕಿಕೊಡುತ್ತಿರಲಿಲ್ಲ. ಸವಾರರೇ ಎತ್ತಬೇಕು. ಹದಿನೇಳು ಕಿಲೋ ತೂಕದ ಬೈಕು. ಬೇರೆ ಕಡೆ ಕೆಲಸದವರು ಎತ್ತಿಕೊಡುತ್ತಾರೆ, ಇಲ್ಲಿ ಈ ಮುದುಕ ಸೋಮಾರಿ ಎಂದು ಹೊಸಬರು ಗೊಣಗುತ್ತಿದ್ದರು. ಅವರು ಸೋಮಾರಿತನದಿಂದ ಹಾಗೆ ಮಾಡುತ್ತಿರಲಿಲ್ಲ. ಇಳಿಯುವಾಗ ಬ್ರೇಕು ಹಿಡಿದು ಹಿಡಿದು ಮುಂಗೈ ಕಲ್ಲಿನಂತೆ ಬಿಗಿಯುತ್ತದೆ, ನಾಲ್ಕು ಸುತ್ತಾದ ಮೇಲೆ ಬೆರಳು ನಡುಗುತ್ತದೆ. ಆ ಸ್ಥಿತಿಯಲ್ಲಿ ಮತ್ತೆ ಇಳಿದವನು ಬ್ರೇಕು ಹಿಡಿಯಬೇಕಾದ ಕಡೆ ಹಿಡಿಯಲಾಗದೆ ಬೀಳುತ್ತಾನೆ. ಬೈಕು ಎತ್ತುವಾಗ ಕೈ ನಡುಗಿದವರನ್ನು ಅವರು ಕೈಯಡ್ಡ ಹಿಡಿದು ನಿಲ್ಲಿಸುತ್ತಿದ್ದರು. "ಸಾಕು. ಕ್ಯಾಂಟೀನಿಗೆ ಹೋಗಿ ಒಂದು ತೆಹ್ ತಾರಿಕ್ ಚಾ ಕುಡೀರಿ. ಅರ್ಧ ಗಂಟೆ ಬಿಟ್ಟು ಬನ್ನಿ." ಮಲಯ್, ಇಂಗ್ಲಿಷ್, ತಮಿಳು, ಚೀನೀ ಭಾಷೆಯ ನಾಲ್ಕು ಮಾತು, ಎಲ್ಲದರಲ್ಲೂ ಇದೊಂದನ್ನು ಹೇಳಲು ಅವರಿಗೆ ಬರುತ್ತಿತ್ತು.

"ಇದು ಕೊನೇ ರೌಂಡು" ಎಂದು ಅವರೆದುರು ಯಾರೂ ಹೇಳುವಂತಿರಲಿಲ್ಲ. ಕೊನೆಯದೆಂದುಕೊಂಡು ಹೋದವರೇ ಬೀಳುವುದು ಎಂಬುದು ಈ ಆಟದವರ ನಂಬಿಕೆ. ನಂಬಿಕೆಯಲ್ಲಿ ಸತ್ಯವೂ ಇದೆ, ನನ್ನ ಬಳಿ ಮೂಳೆ ಮುರಿದುಕೊಂಡು ಬಂದವರು ಬಹಳ ಮಂದಿ ಹಾಗೇ ಹೇಳಿದ್ದಾರೆ. "ಇನ್ನು ಎರಡು ಅಂತ ಹೇಳಿ, ಒಂದು ಹೋಗಿ, ಇನ್ನೊಂದು ಬಿಟ್ಟು ಮನೆಗೆ ನಡೀರಿ" ಎನ್ನುವುದು ಅವರ ಲೆಕ್ಕ.

ಎರಡು ವರ್ಷ ಹೀಗೆ ಹೋಯಿತು. ಶನಿವಾರ ಬೆಳಿಗ್ಗೆ ಹೋಗುವುದು, ಅವರೊಂದಿಗೆ ಒಂದಿಷ್ಟು ಕನ್ನಡ, ಐದಾರು ಸುತ್ತು, ಮಧ್ಯಾಹ್ನ ಮೈಯೆಲ್ಲ ಕೆಸರು ಮಾಡಿಕೊಂಡು ಮನೆಗೆ.

ಈ ನಡುವೆ ನನ್ನ ಎಡಗೈ ನಡುಗಲು ಶುರುವಾಗಿತ್ತು. ಶುರುವಾದದ್ದು ಯಾವಾಗ ಎಂದು ಈಗ ಕೇಳಿದರೆ ಹೇಳಲಾರೆ. ಪತ್ರಿಕೆ ಓದುವಾಗ ಹಾಳೆ ಸಣ್ಣಗೆ ಸದ್ದು ಮಾಡುತ್ತಿತ್ತು. ಟಿವಿ ನೋಡುತ್ತ ಕೂತಾಗ ಹೆಬ್ಬೆರಳು ತೋರುಬೆರಳನ್ನು ತಾನಾಗಿ ಸವರುತ್ತಿತ್ತು. "ಕೈ ಯಾಕೆ ಹಾಗೆ ಆಡ್ತಿದೆ?" ಎಂದು ಹೆಂಡತಿ ಕೇಳಿದರೆ, "ಸೈಕಲ್ ಬ್ರೇಕು" ಎನ್ನುತ್ತಿದ್ದೆ. ನಂಬುವಂಥ ಕಾರಣ, ನಾನೂ ನಂಬಿದೆ. ಬೇರೆ ಯಾರಾದರೂ ಆ ಕೈ ಹೊತ್ತು ನನ್ನೆದುರು ಕೂತಿದ್ದರೆ ಕಾಯಿಲೆಯ ಹೆಸರು ಎರಡು ನಿಮಿಷದಲ್ಲಿ ಹೇಳುತ್ತಿದ್ದೆ. ನನ್ನ ಕೈಗೆ ಮಾತ್ರ ಸೈಕಲ್ಲಿನ ಹೆಸರು ಹೇಳಿದೆ. ಮೂಳೆ ಡಾಕ್ಟರಾಗಿದ್ದು ಇಳಿಜಾರಿನಲ್ಲಿ ಬೈಕು ಓಡಿಸುವವನು ಮಾತ್ರ ಮಾಡಬಹುದಾದ ತಪ್ಪು ಅದು. ಬೇರೆಯವರಿಗೆ ಅಷ್ಟು ಒಳ್ಳೆಯ ನೆವ ಸಿಗುವುದಿಲ್ಲ.

ಒಮ್ಮೆ ಆಪರೇಷನ್ ನಡುವೆ ಎಕ್ಸ್‌ರೇಗಾಗಿ ಕಾಯುತ್ತಿದ್ದಾಗ, ರೋಗಿಯ ಮೇಲೆ ಹೊದಿಸಿದ ಹಸಿರು ಬಟ್ಟೆಯ ಮೇಲಿಟ್ಟ ನನ್ನ ಎಡಗೈ ನಡುಗಿತು. ಎದುರಿಗಿದ್ದ ನರ್ಸ್ ನೋಡಿದಳು. "ಏಸಿ ಜಾಸ್ತಿಯಾಗಿದೆ" ಎಂದೆ. ಅವಳು ಹೋಗಿ ಏಸಿ ಕಡಿಮೆ ಮಾಡಿದಳು. ಕೆಲಸ ಮುಂದುವರಿಸಲು ಉಪಕರಣ ಹಿಡಿದ ಕೂಡಲೇ ಕೈ ನಿಂತಿತು. ನೋಡು, ಏನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಆ ಶನಿವಾರ ಬೆಳಿಗ್ಗೆ ಸಾಲಿನಲ್ಲಿ ನಾನು ಮೂರನೆಯವನು. ಅಣ್ಣ ನನ್ನನ್ನು ನೋಡಿ ಕೈಯಡ್ಡ ಹಿಡಿದರು.

"ಡಾಕ್ಟ್ರೆ, ಇವತ್ತು ಬೇಡ."

"ಯಾಕೆ? ಇನ್ನೂ ಒಂದು ರೌಂಡೂ ಆಗಿಲ್ಲ."

"ಅದಕ್ಕೇ ಬೇಡ ಅಂತ ಹೇಳುದು. ಸ್ವಲ್ಪ ಆಚೆ ಬನ್ನಿ, ಮಾತಾಡುವ."

ಹಿಂದೆ ನಿಂತಿದ್ದವರು ನೋಡುತ್ತಿದ್ದರು. ಅವರಲ್ಲಿ ಇಬ್ಬರು ನನ್ನ ಕಾಲೇಜಿನ ವಿದ್ಯಾರ್ಥಿಗಳು. ನನಗೆ ಕೆಂಡದಂಥ ಸಿಟ್ಟು ಬಂತು. ಸಿಟ್ಟು ಅಷ್ಟು ಬೇಗ ಬಂದದ್ದೇಕೆಂದು ಈಗ ಗೊತ್ತು, ಆಗ ಗೊತ್ತಿರಲಿಲ್ಲ.

"ನೀವು ಲಿಫ್ಟ್ ನೋಡ್ಕೊಳ್ಳಿ," ಎಂದೆ. "ಜನರ ಕೈಕಾಲು ನೋಡೋಕೆ ನಾನು ಓದಿದೀನಿ."

ಅವರು ಅಡ್ಡ ಹಿಡಿದ ಕೈಯನ್ನು ತೆಗೆಯಲಿಲ್ಲ. ನಾನು ಬೈಕನ್ನು ಬೇಲಿಗೆ ಒರಗಿಸಿ ನೇರ ಆಫೀಸಿಗೆ ಹೋದೆ. ನಿಮ್ಮ ಲಿಫ್ಟಿನವರು ಮನಸ್ಸಿಗೆ ಬಂದವರನ್ನು ಬಿಡುತ್ತಾರೆ, ಬಾರದವರನ್ನು ತಡೆಯುತ್ತಾರೆ, ಗಿರಾಕಿಗಳ ಮುಂದೆ ಅವಮಾನ ಮಾಡುತ್ತಾರೆ ಎಂದು ಬರೆದುಕೊಟ್ಟೆ. ಮ್ಯಾನೇಜರ್ ಹೆಂಗಸು ನಾಲ್ಕು ಸಲ ಕ್ಷಮೆ ಕೇಳಿದಳು. ಈ ಹಿಂದೆಯೂ ಇಂಥ ದೂರು ಬಂದಿವೆ ಎಂದಳು. ಅದನ್ನು ಕೇಳಿ ನನಗೆ ಸಮಾಧಾನವಾಯಿತು ಎಂದು ಹೇಳಲು ಈಗ ನಾಚಿಕೆ.

ಮುಂದಿನ ಶನಿವಾರ ಕೆಳಗಿನ ಗುಂಡಿಯ ಹತ್ತಿರ ಬೇರೆ ಯಾರೋ ಇದ್ದರು. ಅಣ್ಣನನ್ನು ಬೆಟ್ಟದ ನೆತ್ತಿಯ ನಿಲ್ದಾಣಕ್ಕೆ ಹಾಕಿದ್ದರು. ಮೇಲೆ ಒಂದು ತಗಡಿನ ಗೂಡು, ಸುತ್ತ ಮಂಜು, ಬರುವ ಬೈಕುಗಳನ್ನು ಕೊಕ್ಕೆಯಿಂದ ಇಳಿಸಿಕೊಡುವ ಕೆಲಸ. ಗೂಡಿಗೆ ಹೋಗಲು ಹದಿನಾಲ್ಕು ಕಬ್ಬಿಣದ ಮೆಟ್ಟಿಲು. ಅವರ ಬಲಮಂಡಿ ಸವೆದಿತ್ತು, ನಡೆಯುವಾಗ ಕಾಲನ್ನು ಸ್ವಲ್ಪ ಹೊರಕ್ಕೆ ಎಸೆದು ನಡೆಯುತ್ತಿದ್ದರು. ಆ ಮೆಟ್ಟಿಲನ್ನು ದಿನವೂ ಹತ್ತಿ ಇಳಿದರೆ ಆ ಮಂಡಿ ಏನಾಗುತ್ತದೆ ಎಂದು ನೋಡಿದ ಕೂಡಲೇ ನನಗೆ ತಿಳಿಯಬೇಕಿತ್ತು. ಮೂಳೆ ಡಾಕ್ಟರಲ್ಲವೇ. ನಾನು ಮುಖ ತಿರುಗಿಸಿಕೊಂಡು ಬೈಕು ತೆಗೆದುಕೊಂಡೆ. "ಜಾಗ್ರತೆ ಡಾಕ್ಟ್ರೆ" ಎಂದರು. ಮೂರು ಶನಿವಾರ ಹೀಗೇ. ಪ್ರತಿ ಸುತ್ತಿಗೂ ಅವರು "ಜಾಗ್ರತೆ" ಎನ್ನುವುದು, ನಾನು ಕಿವುಡನಾಗುವುದು.

ನಾಲ್ಕನೆಯ ಶನಿವಾರ ಮಧ್ಯಾಹ್ನ ನಾನು ನೆತ್ತಿ ಮುಟ್ಟುವ ಹೊತ್ತಿಗೆ ಸರಿಯಾಗಿ ಗುಡುಗಿತು. ಗುಡುಗಿದರೆ ಲಿಫ್ಟು ನಿಲ್ಲುತ್ತದೆ, ಮೇಲಿನವರು ಗೂಡಿನೊಳಗೆ ಕಾಯಬೇಕು. ಅವತ್ತು ಮೇಲಿದ್ದವರು ನಾವಿಬ್ಬರೇ. ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ಅವರು ಥರ್ಮಾಸಿನಿಂದ ಎರಡು ಲೋಟಕ್ಕೆ ಕಾಫಿ ಬಗ್ಗಿಸಿ ಒಂದನ್ನು ನನ್ನ ಕಡೆ ದೂಡಿದರು. ಬೆಂಚಿನ ಮೇಲೆ ಕೂತೆ. ಎಡಗೈ ತೊಡೆಯ ಮೇಲಿತ್ತು, ಆಡುತ್ತಿತ್ತು. ಅದನ್ನು ಬಲಗೈಯಿಂದ ಮುಚ್ಚಿದೆ.

"ಮುಚ್ಚಬೇಡಿ," ಎಂದರು. "ನಾನು ನೋಡಿ ಆರು ತಿಂಗಳಾಯ್ತು."

ನಾನು ಬಲಗೈ ತೆಗೆದು ಕಾಫಿ ಲೋಟ ಎತ್ತಿಕೊಂಡೆ.

"ನಾಲ್ಕು ಸಲ ಇಳಿದ ಮೇಲೆ ಎಲ್ಲರ ಕೈಯೂ ನಡುಗ್ತದೆ. ಬೈಕ್ ಎತ್ತುವಾಗ ನಡುಗ್ತದೆ, ಸುಮ್ಮನೆ ಕೂತ್ರೆ ನಿಲ್ತದೆ. ನಿಮ್ದು ಉಲ್ಟಾ. ಬೆಳಿಗ್ಗೆ, ಒಂದು ಸಲವೂ ಇಳಿಯುವ ಮೊದಲೇ ಉಂಟು. ಸಾಲಲ್ಲಿ ಸುಮ್ಮನೆ ನಿಂತಾಗ ನಡುಗ್ತದೆ. ಬೈಕ್ ಹಿಡಿದ ಕೂಡಲೇ ನಿಲ್ತದೆ. ಅದೂ ಹೇಗೆ, ಬೀಡಿ ಸುರುಟಿದ ಹಾಗೆ."

ನಮ್ಮ ಪುಸ್ತಕದಲ್ಲಿ ಅದಕ್ಕೆ ಬೇರೆ ಹೋಲಿಕೆ ಇದೆ, ಬೆರಳ ನಡುವೆ ಗುಳಿಗೆ ಉರುಳಿಸಿದಂತೆ ಎಂದು. ನಾನೇ ಎಷ್ಟೋ ವರ್ಷ ಹುಡುಗರಿಗೆ ಹಾಗೆ ಹೇಳಿಕೊಟ್ಟಿದ್ದೆ. ಆ ಗೂಡಿನಲ್ಲಿ ಕೂತು ಅವರ ಬಾಯಿಂದ ಬೀಡಿಯ ಮಾತು ಕೇಳಿದ ಮೇಲೆ, ಬ್ರೇಕಿನ ಕಥೆ ಇನ್ನು ನನಗೇ ಹೇಳಿಕೊಳ್ಳುವಂತಿರಲಿಲ್ಲ.

"ನನ್ನ ಜೊತೆ ಯಾರ್ಡಲ್ಲಿ ಒಬ್ಬ ಕ್ರೇನ್ ಡ್ರೈವರ್ ಇದ್ದ," ಎಂದರು. "ನನ್ನ ದೋಸ್ತಿ. ಅವನಿಗೂ ಹೀಗೇ ಆಯ್ತು. ಲಿವರ್ ಹಿಡಿದ್ರೆ ಕೈ ನಿಲ್ತದೆ, ಎಂತ ತೊಂದ್ರೆ ಇಲ್ಲ ಅಂತಿದ್ದ. ನಾಲ್ಕು ಮಕ್ಕಳು ಅವನಿಗೆ. ನಾನು ಬಾಯಿ ಬಿಡ್ಲಿಲ್ಲ. ಒಂದು ವರ್ಷ ಬಿಡ್ಲಿಲ್ಲ. ಆಮೇಲೆ ಒಂದಿನ ಕೈ ನಿಲ್ಲಲಿಲ್ಲ. ಕೆಳಗೆ ಲಾರಿಯವ ಇದ್ದ, ಅವನ ಕಾಲು ಹೋಯ್ತು." ಥರ್ಮಾಸಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. "ದೋಸ್ತಿ ಮೇಲೆ ನನಗೆ ಸಿಟ್ಟಿಲ್ಲ ಡಾಕ್ಟ್ರೆ. ಅವನಿಗೆ ಹೆದರಿಕೆ. ನನಗೆ ಎಂತ ಹೆದರಿಕೆ ಇತ್ತು? ನಾನು ಯಾಕೆ ಸುಮ್ಮನಿದ್ದೆ?"

"ಮತ್ತೆ ಆಫೀಸಲ್ಲಿ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ಈ ಕಾರಣಕ್ಕೆ ತಡೆದೆ ಅಂತ ಒಂದು ಮಾತು ಹೇಳಿದ್ರೆ ನಿಮ್ಮನ್ನ ಇಲ್ಲಿಗೆ ಹಾಕ್ತಿರಲಿಲ್ಲ."

"ನಿಮ್ಮ ಕೈ ವಿಷಯ ಅವರಿಗೆ ಯಾಕೆ? ನಿಮ್ಮ ಹುಡುಗರಿಬ್ಬರು ಅಲ್ಲೇ ನಿಂತಿದ್ರು, ಸಂಜೆಗೆ ಕಾಲೇಜೆಲ್ಲ ಗೊತ್ತಾಗ್ತಿತ್ತು." ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. "ಸೋಮವಾರ ಆಪರೇಷನ್ ಉಂಟಾ?"

ಇತ್ತು. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರ ಸೊಂಟದ ಕೀಲು. ಎಪ್ಪತ್ತೆರಡು ವರ್ಷದ ಮಲಯ್ ಹೆಂಗಸು. ನೀವೇ ಮಾಡಬೇಕು ಎಂದು ಮೂರು ತಿಂಗಳು ಕಾದವರು.

"ಉಂಟು," ಎಂದೆ.

"ಹಾಗಾದ್ರೆ ನಾಳೆ ಹೇಳಿ ನಿಮ್ಮ ದೊಡ್ಡವರಿಗೆ."

"ಹೇಳದಿದ್ರೆ?"

"ಹೇಳದಿದ್ರೆ ಸೋಮವಾರ ನಾನೇ ಬರ್ತೇನೆ. ಬಸ್ಸುಂಟು." ಹೆದರಿಸುವ ಧ್ವನಿಯಲ್ಲಿ ಹೇಳಲಿಲ್ಲ, ಮಗನ ಶಾಲೆಗೆ ಬರುತ್ತೇನೆ ಎನ್ನುವ ತಂದೆಯ ಹಾಗೆ ಹೇಳಿದರು.

ಮಳೆ ನಿಂತ ಮೇಲೆ ನಾನು ಬೈಕಿನಲ್ಲಿ ಇಳಿಯಲಿಲ್ಲ. ಕುರ್ಚಿಯಲ್ಲಿ ಕೂತು ಇಳಿದೆ. ಖಾಲಿ ಕುರ್ಚಿಗಳು ಮೇಲೆ ಹೋಗುತ್ತಿದ್ದವು, ನಾನೊಬ್ಬ ಕೆಳಗೆ ಬರುತ್ತಿದ್ದೆ. ಅಷ್ಟು ದಣಿವು ನನಗೆ ಯಾವ ಆಪರೇಷನ್ ಮುಗಿಸಿದಾಗಲೂ ಆಗಿರಲಿಲ್ಲ.

ಭಾನುವಾರ ಬೆಳಿಗ್ಗೆಯಿಂದ ಫೋನು ಕೈಯಲ್ಲಿ ಹಿಡಿದು ಕೂತಿದ್ದೆ. ಹೇಳಿದರೆ ಏನಾಗುತ್ತದೆ ಎಂಬುದು ಗೊತ್ತಿತ್ತು. ಮೂಳೆ ಡಾಕ್ಟರಿಂದ ಕೈ ಕಿತ್ತುಕೊಂಡರೆ ಉಳಿಯುವುದು ಬಿಳಿ ಕೋಟು. ಹೇಳದಿದ್ದರೂ ಈ ಸೋಮವಾರ ಏನೂ ಆಗದಿರಬಹುದು, ಬರುವ ಸೋಮವಾರವೂ ಆಗದಿರಬಹುದು. ಒಂದು ವರ್ಷ ಆಗದಿರಬಹುದು. ಆ ಕ್ರೇನ್ ಡ್ರೈವರನೂ ಹೀಗೇ ಎಣಿಸಿದ್ದನಲ್ಲ. ಮಧ್ಯಾಹ್ನ ಅನ್ನಕ್ಕೆ ಸಾರು ಬಡಿಸುತ್ತಿದ್ದ ಹೆಂಡತಿಗೆ ಹೇಳಿದೆ. ಅವಳು ಸೌಟು ಕೆಳಗಿಟ್ಟು ನನ್ನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಸೈಕಲ್ ಅಲ್ಲ ಅಂತ ನನಗೆ ಗೊತ್ತಿತ್ತು ಕಣ್ರೀ," ಎಂದಳು. "ನೀವು ಡಾಕ್ಟರು, ನಿಮಗೆ ಹೇಗೆ ಹೇಳೋದು ಅಂತ ಸುಮ್ಮನಿದ್ದೆ." ಐದು ಗಂಟೆಗೆ ನಮ್ಮ ವಿಭಾಗದ ಮುಖ್ಯಸ್ಥರಿಗೆ ಫೋನು ಮಾಡಿದೆ. ಸೋಮವಾರದ ಆಪರೇಷನ್ ಅವರೇ ಮಾಡಿದರು. ಶಿಕ್ಷಕಿ ವಾರದೊಳಗೆ ನಡೆದು ಮನೆಗೆ ಹೋದರು.

ನರರೋಗದ ಡಾಕ್ಟರು ನನ್ನನ್ನು ಕಾರಿಡಾರಿನಲ್ಲಿ ಅತ್ತಿತ್ತ ನಡೆಸಿ ನೋಡಿದರು. ನಡೆಯುವಾಗ ಎಡಗೈ ಬೀಸುತ್ತಿಲ್ಲ ಎಂದರು. ಅದನ್ನೂ ನಾನು ಗಮನಿಸಿರಲಿಲ್ಲ. ಪಾರ್ಕಿನ್ಸನ್ಸ್. ಮಾತ್ರೆ ಕೊಟ್ಟರು, ವ್ಯಾಯಾಮ ಹೇಳಿದರು, ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದರು. ಕಾಲೇಜಿನಲ್ಲಿ ಮುಖ್ಯಸ್ಥರಿಗೂ ಡೀನರಿಗೂ ಮಾತ್ರ ನಿಜ ಗೊತ್ತಿತ್ತು. ಉಳಿದವರಿಗೆ, ಕುತ್ತಿಗೆ ನೋವು, ಇನ್ನು ಬರೀ ಪಾಠ ಮಾಡುತ್ತೇನೆ ಎಂದು ಹೇಳಿದೆ. ಅಲ್ಲಿಂದ ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿಡುವ ಅಭ್ಯಾಸವಾಯಿತು. ಕುತ್ತಿಗೆ ನೋವಿನವನು ಜೇಬಿನಲ್ಲಿ ಕೈ ಯಾಕಿಡುತ್ತಾನೆ ಎಂದು ಯಾರೂ ಕೇಳಲಿಲ್ಲ.

ಬೆಟ್ಟದ ಆಫೀಸಿಗೆ ಹೋಗಿ ದೂರು ವಾಪಸು ತೆಗೆದುಕೊಂಡೆ. ತಪ್ಪು ನನ್ನದು ಎಂದು ಬರೆದುಕೊಟ್ಟೆ. ಅಣ್ಣನನ್ನು ಕೆಳಕ್ಕೆ ಕರೆಸಲು ಅವರಿಗೆ ಮತ್ತೂ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಆ ಮೆಟ್ಟಿಲುಗಳು ಅವರ ಮಂಡಿಯನ್ನು ಮುಗಿಸಿದ್ದವು. "ದೂರು ಕೊಟ್ಟಿದ್ದು ನಾನೇ ಅಣ್ಣ, ಕ್ಷಮಿಸಿ" ಎಂದಾಗ, "ಗೊತ್ತುಂಟು, ನಿಮ್ಮ ಅಕ್ಷರ ಯಾರಿಗೂ ಓದ್ಲಿಕ್ಕೆ ಆಗ್ಲಿಲ್ಲ, ನನ್ನ ಹತ್ರವೇ ಕೇಳಿದ್ರು ಇದೆಂತ ಬರೆದದ್ದು ಅಂತ" ಎಂದು ನಕ್ಕುಬಿಟ್ಟರು. ನನಗೆ ನಗಲಾಗಲಿಲ್ಲ.

ಆಮೇಲೂ ನಾನು ಶನಿವಾರ ಹೋಗುತ್ತಿದ್ದೆ, ಬೈಕಿಲ್ಲದೆ. ಅವರ ಪಕ್ಕದ ಬೆಂಚಿನಲ್ಲಿ ಕೂತು ನಾನೂ ಕೈಗಳನ್ನು ನೋಡುತ್ತಿದ್ದೆ. ಅವರು ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಮೆಲ್ಲಗೆ, "ಆ ಹಳದಿ ಅಂಗಿಯವ, ನೋಡಿ, ಇನ್ನೊಂದು ಸಲ ಅಷ್ಟೆ" ಎನ್ನುತ್ತಿದ್ದರು. ಆ ಬೆಂಚಿನಲ್ಲಿ ಮಾತ್ರ ನನ್ನ ಎಡಗೈ ಜೇಬಿನಿಂದ ಹೊರಗಿರುತ್ತಿತ್ತು.

ಒಂದು ದಿನ ಅವರ ಮಂಡಿ ಹಿಡಿದು ಮಡಿಸಿ ನೋಡಿದೆ. ಒಳಗೆ ಮರಳು ಅರೆದಂತೆ ಸದ್ದು. ಕೀಲು ಬದಲಾಯಿಸಬೇಕು, ನನ್ನ ಜೊತೆಯವರು ಚೆನ್ನಾಗಿ ಮಾಡುತ್ತಾರೆ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. "ನೋಡುವ," ಎಂದರು. ಕರಾವಳಿಯವರ "ನೋಡುವ" ಎಂದರೆ ಇಲ್ಲ ಎಂದೇ ಅರ್ಥ. ಮತ್ತೆ ಮತ್ತೆ ಹೇಳಿದೆ. ಮತ್ತೆ ಮತ್ತೆ "ನೋಡುವ." ಎಲ್ಲರ ಕೈ ನಡುಕವನ್ನೂ ಹಿಡಿದವರಿಗೆ ಕತ್ತಿಯ ಹೆದರಿಕೆ ಇತ್ತೆಂದು ಕಾಣುತ್ತದೆ. ಎರಡು ವರ್ಷ ಹೀಗೆ ಸಾಗಿತು.

ಕಳೆದ ತಿಂಗಳು ಒಂದು ಬುಧವಾರ, ಮಗಳ ಮನೆಯಲ್ಲಿ, ಬೆಳಗಿನ ಕಾಫಿ ಕುಡಿದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಹೃದಯ. ಅವರ ಫೋನಿನಲ್ಲಿದ್ದ ನಂಬರು ನೋಡಿ ಮಗಳು ನನಗೆ ಕರೆ ಮಾಡಿದಳು. ನಾನು ಪಾಠ ಅರ್ಧಕ್ಕೆ ಬಿಟ್ಟು ಕ್ಲಾಂಗಿಗೆ ಹೋದೆ.

ಸಾಲುಮನೆಯ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು, ಐವತ್ತು ಅರವತ್ತು ಜನ. ಬೆಟ್ಟದ ಸವಾರರು ಬಂದಿದ್ದರು. ಅವರ ನಡುವೆ ಅವತ್ತು ಸಾಲಿನಲ್ಲಿದ್ದ ನನ್ನ ವಿದ್ಯಾರ್ಥಿಗಳಿಬ್ಬರು, ಈಗ ಅವರೂ ಡಾಕ್ಟರುಗಳು. ಅಣ್ಣನನ್ನು ಬಿಳಿ ವೇಷ್ಟಿ ಉಡಿಸಿ ಮಲಗಿಸಿದ್ದರು. ಹೂಮಾಲೆ ಇಟ್ಟು ಹೊರಬಂದೆ. ಮಗಳು ಬಾಗಿಲಲ್ಲಿ ನಿಂತಿದ್ದಳು. ನಲವತ್ತರ ಹತ್ತಿರದ ಹೆಂಗಸು, ತಂದೆಯದೇ ಹುಬ್ಬು. ನಾನು ಯಾರೆಂದು ಹೇಳಿದೆ. ಅವಳ ಮುಖ ಗಟ್ಟಿಯಾಯಿತು.

"ನೀವಾ ಅಂಕಲ್, ಅಪ್ಪಾವುಡೈಯ ಬೋನ್ ಡಾಕ್ಟರ್, ಅಪ್ಪನ ಡಾಕ್ಟರ್?" ಎಂದಳು. ತಮಿಳು, ಇಂಗ್ಲಿಷ್ ಬೆರೆತ ಕನ್ನಡ, ಹುಡುಕಿ ಹುಡುಕಿ ಹೊರಬರುತ್ತಿತ್ತು. "ಟೂ ಇಯರ್ಸ್ ನಾನು ಹೇಳ್ತಾ ಇದ್ದೆ, ಮಂಡಿ ಆಪರೇಷನ್ ಮಾಡ್ಕೊಳ್ಳಿ ಅಪ್ಪಾ. ಬೇರೆ ಡಾಕ್ಟರ್ ಬೇಡ, ನನ್ನ ಡಾಕ್ಟರೇ ಮಾಡ್ಬೇಕು, ಅವರ ಕೈ ಭಾಳ ಒಳ್ಳೇ ಕೈ ಅಂದ್ರು. ಯಾವಾಗ ಕೇಳಿದ್ರೂ, ಡಾಕ್ಟರ್ ಬಿಜಿ, ವೆಯ್ಟ್ ಮಾಡ್ಬೇಕು ಲಾ. ಲಾಸ್ಟ್ ವೀಕ್ ಬಾತ್‌ರೂಮಿಗೆ ಹೋಗೋಕೂ ಗೋಡೆ ಹಿಡ್ಕೊಂಡು ಹೋದ್ರು." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಟೂ ಇಯರ್ಸಲ್ಲಿ ನಿಮ್ಗೆ ಒಂದು ದಿನ ಟೈಮ್ ಸಿಗ್ಲಿಲ್ವಾ ಅಂಕಲ್?"

ಹತ್ತಿರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ವಿದ್ಯಾರ್ಥಿಗಳಿಬ್ಬರೂ ನೋಡಿದರು.

ಆಪರೇಷನ್ನಿಗೆ ಹೆದರಿ ಆ ನೆವ ಹೇಳಿದರೋ, ನನ್ನ ಗುಟ್ಟು ಕಾಯಲೆಂದು ಹೇಳಿದರೋ, ಎರಡೂ ಸೇರಿತ್ತೋ ತಿಳಿಯದು. ನನ್ನ ಕೈ ಸತ್ತು ಎರಡು ವರ್ಷವಾಗಿತ್ತು. ತಮ್ಮ ಸ್ವಂತ ಮಗಳಿಗೂ ಅವರು ಆ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಆ ಮನೆಯಲ್ಲಿ ನನ್ನದು ಇನ್ನೂ ಒಳ್ಳೆಯ ಕೈಯಾಗಿಯೇ ಇತ್ತು. ಹೌದಮ್ಮ, ಬಿಜಿ ಇದ್ದೆ, ನನ್ನದು ತಪ್ಪಾಯಿತು ಎಂದು ತಲೆ ತಗ್ಗಿಸಿದ್ದರೆ ಮುಗಿದುಹೋಗುತ್ತಿತ್ತು. ಹಾಗೆ ಹೇಳಲು ಬಾಯಿ ತೆರೆದದ್ದೂ ನಿಜ.

ಎಡಗೈಯನ್ನು ಜೇಬಿನಿಂದ ತೆಗೆದು ಅವಳ ಮುಂದೆ ಹಿಡಿದೆ. ಅದು ತನ್ನ ಪಾಡಿಗೆ ಬೀಡಿ ಸುರುಟುತ್ತಿತ್ತು.

"ನಾನು ಬಿಜಿ ಇರ್ಲಿಲ್ಲಮ್ಮ," ಎಂದೆ, ಎಲ್ಲರಿಗೂ ಕೇಳುವಂತೆ. "ನನಗೆ ಪಾರ್ಕಿನ್ಸನ್ಸ್ ಕಾಯಿಲೆ. ಎರಡು ವರ್ಷದಿಂದ ನಾನು ಯಾರಿಗೂ ಆಪರೇಷನ್ ಮಾಡಿಲ್ಲ. ನಿಲ್ಲಿಸಿದ್ದು ನಿಮ್ಮಪ್ಪ."

ಅವಳು ಕೈಯನ್ನೇ ನೋಡುತ್ತ ನಿಂತಳು. "ಅಪ್ಪಾಗೆ ತೆರಿಯುಮಾ?" ಎಂದಳು ಕೊನೆಗೆ. "ಅಪ್ಪಂಗೆ ಗೊತ್ತಿತ್ತಾ?"

"ನನಗಿಂತ ಮೊದಲೇ ಗೊತ್ತಿತ್ತು."

ಬೆಳಗಿನಿಂದ ಅವಳು ಅತ್ತಿರಲಿಲ್ಲವಂತೆ, ಆಮೇಲೆ ಯಾರೋ ಹೇಳಿದರು. ಆಗ ಅತ್ತಳು. ನಾನು ಅಲ್ಲೇ ನಿಂತಿದ್ದೆ. ಕೈಯನ್ನು ಒಳಗಿಡಬೇಕೆಂದು ಅನಿಸಲಿಲ್ಲ.